ಪತ್ರಾಗಾರಕ್ಕೆ ಬೇಡವಾದ ಡಬ್ಬಿ

ಡೆಕ್ಲನ್‌ನ ಮುತ್ತಜ್ಜ ಐರ್ಲೆಂಡಿನಿಂದ ಶಿಕಾಗೋಗೆ ಬರುವಾಗ ತಂದ ಟ್ರಂಕು ಆ ಊರಿನ ಪಕ್ಕದ ಸ್ಕೋಕಿಯ ಮನೆಯ ಬೇಸ್‌ಮೆಂಟಿನಲ್ಲಿತ್ತು. ಡೆಕ್ಲನ್‌ನನ್ನು ಮದುವೆಯಾದ ಹೊಸತರಲ್ಲಿ ರೇಣು ಅದನ್ನೊಮ್ಮೆ ತೆಗೆದು ನೋಡಿದ್ದಳು. ಬೆಣ್ಣೆ ಮಾರಿದ ಚೀಟಿಗಳು, ಗೇಣಿ ಕೊಟ್ಟ ರಸೀದಿಗಳು, ಊರಿಂದ ಬಂದ ಕಾಗದಗಳು. ಮುಗ್ಗುಲು ವಾಸನೆ ಮೂಗಿಗೆ ಬಡಿದು, ಸೀನುತ್ತ ಮುಚ್ಚಿಬಿಟ್ಟಿದ್ದಳು. "ಮುಂದೆ ಇದೆಲ್ಲ ನಿನ್ನ ಮಕ್ಕಳದ್ದು, ಈಗಲೇ ರೂಢಿ ಮಾಡ್ಕೋ" ಎಂದು ಮಾವ ನಕ್ಕಿದ್ದರು.

ಮಗ ಹುಟ್ಟಿದ. ಆರ್ಯನ್ ಅಂತ ಹೆಸರಿಟ್ಟರು. ಹದಿನಾರು ತುಂಬಿ ಕಾರು ಕಲಿಯುತ್ತಿದ್ದಾಗ ಅವನಿಗೆ ರಕ್ತದ ಕ್ಯಾನ್ಸರು ಬಂತು. ಒಂದು ಚಳಿಗಾಲ ಆಸ್ಪತ್ರೆಯಲ್ಲೇ ಕಳೆಯಿತು. ಮುಂದಿನ ಚಳಿಗಾಲಕ್ಕೆ ಅವನಿರಲಿಲ್ಲ. ಅವರಿಗೆ ಬೇರೆ ಮಕ್ಕಳಿರಲಿಲ್ಲ. ಡೆಕ್ಲನ್‌ಗೆ ಒಡಹುಟ್ಟಿದವರೂ ಇರಲಿಲ್ಲ.

ಮಗ ಹೋದ ಎರಡನೇ ವರ್ಷ ಐರ್ಲೆಂಡಿನ ಒಂದು ಪತ್ರಾಗಾರದಿಂದ ಇಮೇಲ್ ಬಂತು. ಊರಲ್ಲೇ ಉಳಿದ ದಾಯಾದಿಗಳು ಆ ಮನೆತನದ ಅರ್ಧ ಕಾಗದಪತ್ರಗಳನ್ನು ಅವರಿಗೆ ಆಗಲೇ ಕೊಟ್ಟಿದ್ದರಂತೆ. ಅಮೆರಿಕಕ್ಕೆ ಹೋದ ಅರ್ಧವೂ ಸೇರಿದರೆ ಸಂಗ್ರಹ ಪೂರ್ತಿಯಾಗುತ್ತದೆ ಎಂದು ನೋರಾ ಎಂಬ ಅಲ್ಲಿನ ಅಧಿಕಾರಿ ಬರೆದಿದ್ದಳು. ಡೆಕ್ಲನ್ ಹೆಚ್ಚೇನೂ ಯೋಚಿಸದೆ ಒಪ್ಪಿಕೊಂಡ.

"ನಮ್ಮ ನಂತರ ಇದನ್ನ ಯಾರು ನೋಡ್ಕೋತಾರೆ ರೇಣು? ಅಲ್ಲಿದ್ರೆ ಬೆಂಕಿ ನೀರು ಏನೂ ತಾಗದ ಹಾಗೆ ಇರುತ್ತೆ" ಅಂದ.

ಆ ಮಾತು ರೇಣುವನ್ನು ಬಿಡಲಿಲ್ಲ. ಆರ್ಯನ್‌ನ ಕೋಣೆಯಲ್ಲಿ ಒಂದು ಡಬ್ಬಿಯಿತ್ತು, ಚಳಿಗಾಲದ ಬೂಟು ಬಂದಿದ್ದ ರಟ್ಟಿನ ಡಬ್ಬಿ. ಅದರಲ್ಲಿ ಅವನು ಚಿಕ್ಕವನಿದ್ದಾಗ ಬಿಡಿಸಿದ ಚಿತ್ರಗಳು, ರಿಪೋರ್ಟ್ ಕಾರ್ಡುಗಳು, ಭಾನುವಾರದ ಕನ್ನಡ ಕ್ಲಾಸಿನಲ್ಲಿ ಸೊಟ್ಟಂಬಟ್ಟ ತಿದ್ದಿದ ಅ ಆ ಇ ಈ, ಆಸ್ಪತ್ರೆಯವರು ಮಣಿಕಟ್ಟಿಗೆ ಹಾಕಿದ್ದ ಪಟ್ಟಿ ಎಲ್ಲ ಇದ್ದವು. ತಮ್ಮ ನಂತರ ಇದನ್ನು ಯಾರು ನೋಡಿಕೊಳ್ಳುತ್ತಾರೆ? ಮನೆ ಖಾಲಿ ಮಾಡಲು ಬಂದ ಯಾರೋ ಕಸದ ಗಾಡಿಗೆ ಎಸೆಯುತ್ತಾರೆ, ಅಷ್ಟೆ.

ನೋರಾ ವೀಡಿಯೊ ಕಾಲ್‌ನಲ್ಲಿ ಸಿಕ್ಕ ದಿನ ರೇಣು ಗಂಡನ ಪಕ್ಕದಲ್ಲಿ ಬಂದು ಕೂತಳು. ಡಬ್ಬಿ ತೊಡೆಯ ಮೇಲಿತ್ತು.

"ನಮ್ಮ ಮಗನೂ ಇದೇ ಮನೆತನದವನು. ಇದನ್ನೂ ಜೊತೆಗೆ ಕಳಿಸ್ತೀನಿ" ಅಂದಳು.

ನೋರಾ ಬಹಳ ಮೆಲ್ಲಗೆ, ಈ ಸಂಗ್ರಹ ಹಳೆಯ ತಲೆಮಾರುಗಳಿಗೇ ನಿಲ್ಲುತ್ತದೆ, ಇತ್ತೀಚಿನದನ್ನು, ಅದರಲ್ಲೂ ಆಸ್ಪತ್ರೆಯ ಕಾಗದಗಳನ್ನು, ತೆಗೆದುಕೊಳ್ಳುವ ಹಾಗಿಲ್ಲ ಅಂದಳು.

"ಯಾರೋ ಬೆಣ್ಣೆ ಮಾರಿದ ಚೀಟಿ ಬೇಕು ನಿಮಗೆ. ನನ್ನ ಮಗ ಬರೆದದ್ದು ಬೇಡ."

"ರೇಣು, ಅವಳೇನು ಮಾಡ್ತಾಳೆ ಪಾಪ..." ಡೆಕ್ಲನ್ ಅವಳ ಕೈ ಹಿಡಿದ. ಅವಳು ಬಿಡಿಸಿಕೊಂಡಳು.

"ಸಂಗ್ರಹದ ಜೊತೆ ಬರೆಯೋ ಮನೆತನದ ಪರಿಚಯದಲ್ಲಿ ಅವನ ಹೆಸರು ಖಂಡಿತ ಸೇರಿಸ್ತೀನಿ" ಅಂದಳು ನೋರಾ. ಅವಳ ಕಣ್ಣೂ ಒದ್ದೆಯಾಗಿತ್ತು. ಆ ಒದ್ದೆ ಕಣ್ಣು ಕಟ್ಟಿಕೊಂಡು ಏನು ಮಾಡುವುದು ಎಂದು ರೇಣುವಿಗೆ ಇನ್ನಷ್ಟು ರೇಗಿತು.

ಕೆಲವು ವಾರಗಳಾದ ಮೇಲೆ ಆ ಪರಿಚಯದ ಕರಡು ಬಂತು. ಡೆಕ್ಲನ್ ಅಡುಗೆಮನೆಯಲ್ಲಿ ನಿಂತು ಓದಿ ಹೇಳುತ್ತ ಹೋದ. ಬರಗಾಲ, ಹಡಗು, ರೈಲ್ವೆ ಕೆಲಸ, ಅಜ್ಜಂದಿರು, ಚಿಕ್ಕಪ್ಪಂದಿರು. ಕೊನೆಗೆ ಬಂದಾಗ ಅವನ ದನಿ ನಿಂತಿತು. ರೇಣು ಫೋನು ಕಿತ್ತುಕೊಂಡು ತಾನೇ ಓದಿದಳು. 'ಒಬ್ಬನೇ ಮಗ ರಯಾನ್ ಹದಿಹರೆಯದಲ್ಲಿ ತೀರಿಕೊಂಡನು. ಈ ಕವಲು ಇಲ್ಲಿಗೆ ಮುಗಿಯುತ್ತದೆ.'

"ರಯಾನ್ ಯಾರು?" ಅಂದಳು.

"ಟೈಪ್ ಮಾಡೋವಾಗ ತಪ್ಪಾಗಿದೆ. ಒಂದು ಮೇಲ್ ಹಾಕಿದ್ರೆ ಸರಿ ಮಾಡ್ತಾರೆ."

ಅವನು ಮೇಲ್ ಹಾಕಿದ. ನೋರಾ ಹತ್ತು ಸಲ ಕ್ಷಮೆ ಕೇಳಿ ಅಂದೇ ಸರಿ ಮಾಡಿದಳು. ಹೆಸರು ಸರಿಯಾಯಿತು. ಕೊನೆಯ ವಾಕ್ಯ ಹಾಗೇ ಉಳಿಯಿತು. ಅದರಲ್ಲಿ ತಪ್ಪೇನೂ ಇರಲಿಲ್ಲವಲ್ಲ.

ಕೊರಿಯರ್‌ನವರು ಟ್ರಂಕು ಒಯ್ದ ಸಂಜೆ ಡೆಕ್ಲನ್ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದ. ಎದೆಯ ಮೇಲಿನ ಭಾರ ಇಳಿಸಿದವನ ಹಾಗಿದ್ದ. ಅವನು ಎರಡನೇ ಸಲ ಅನ್ನ ಬಡಿಸಿಕೊಳ್ಳುವುದನ್ನು ರೇಣು ನೋಡುತ್ತ ಕೂತಳು. ಅದನ್ನು ಅವಳಿಂದ ಕ್ಷಮಿಸಲಾಗಲಿಲ್ಲ. ಬೆಳಗ್ಗೆ ಅವನು ಆಫೀಸಿಗೆ ಹೋಗಿದ್ದೇ ತಡ, ಡಬ್ಬಿಯನ್ನು ಕಾರಿನಲ್ಲಿಟ್ಟುಕೊಂಡು ಡೆಟ್ರಾಯಿಟ್ ಕಡೆ ಹೊರಟಳು. ಅವಳ ಅವ್ವ ಕಮಲವ್ವ ಅಲ್ಲಿಗೆ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ರೇಣುವಿನ ತಮ್ಮ ಕಲ್ಮೇಶನ ಮನೆಯಲ್ಲಿದ್ದಳು. ಗದಗಿನಿಂದ ಬಂದು ಮಿಶಿಗನ್ನಿನಲ್ಲೇ ತಲೆ ನರೆಸಿಕೊಂಡ ಹೆಂಗಸು.

ಬಾಗಿಲು ತೆಗೆದ ಕಮಲವ್ವ ಮಗಳ ಮುಖ ನೋಡಿದಳು, ಕೈಯಲ್ಲಿದ್ದ ಡಬ್ಬಿ ನೋಡಿದಳು.

"ಒಬ್ಬಾಕಿನ ಇಷ್ಟ ದೂರ ಡ್ರೈವ್ ಮಾಡಿಕೊಂಡ ಬಂದಿ? ಒಂದ ಫೋನರೆ ಮಾಡಬಾರದೇನವಾ?"

"ಅವ್ವಾ, ಇದು ಆರ್ಯನ್‌ದು. ನಿನ್ನ ಹತ್ರ ಇಟ್ಕೋ, ಪ್ಲೀಸ್. ಕಲ್ಮೇಶನ ಮಕ್ಕಳು ಇದ್ದಾರಲ್ಲ, ಮುಂದೆ ಅವರು ಇಟ್ಕೋತಾರೆ."

ಕಮಲವ್ವ ಡಬ್ಬಿ ಮುಟ್ಟಲಿಲ್ಲ. ಟೇಬಲ್ಲಿನ ಮೇಲೆ ಸೋಸಲು ಹರವಿದ್ದ ಮೆಂತ್ಯದ ಸೊಪ್ಪಿನ ಮುಂದೆ ಹೋಗಿ ಕೂತಳು.

"ಆ ಹುಡುಗೂರು ಅವನ್ನ ಎಷ್ಟ ಸರ್ತಿ ನೋಡ್ಯಾವ? ಅವಕ್ಕ ಇದು ಕಾಗದಾ ಅಷ್ಟ. ನಮ್ಮ ಮನ್ಯಾಗ ಹೋದವರದು ಏನೂ ಇಟಗೊಳ್ಳೂದಿಲ್ಲವಾ. ನಿಮ್ಮಣ್ಣಂದೂ ಇಟ್ಟಿಲ್ಲ."

"ಯಾವ ಅಣ್ಣ?"

ಕಮಲವ್ವ ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದಳು. ಅಮೆರಿಕಕ್ಕೆ ಬರುವ ಮೊದಲು ಗದಗಿನಲ್ಲಿ ಒಂದು ಗಂಡು ಮಗು ಹುಟ್ಟಿತ್ತು. ಗೋಡೆ ಹಿಡಿದು ನಡೆಯುವಷ್ಟಾಗಿತ್ತು. ವಾಂತಿಭೇದಿ ಹತ್ತಿ ಹೋಯಿತು. ಅತ್ತೆ ಅದರ ಅಂಗಿ, ಕುಂಚಿಗೆ, ತೊಟ್ಟಿಲು ಎಲ್ಲ ಕೊಟ್ಟುಬಿಟ್ಟರು. ಫೋಟೋ ತೆಗೆಸಿರಲೇ ಇಲ್ಲ. ಗಂಡ ಆ ಮಾತು ಎತ್ತಬೇಡ ಅಂದ, ಅವಳು ಎತ್ತಲಿಲ್ಲ.

"ಇಷ್ಟು ವರ್ಷ ನಮಗ್ಯಾಕೆ ಹೇಳಲಿಲ್ಲ ಅವ್ವಾ?"

"ಏನಂತ ಹೇಳಲಿ? ಮಾರಿನ ನೆನಪಿಲ್ಲ ನನಗ."

ರೇಣು ಕುರ್ಚಿ ಎಳೆದುಕೊಂಡು ಅವ್ವನ ಎದುರಿಗೆ ಕೂತಳು. ಒಂದು ಸಮಾಧಾನದ ಮಾತು, ಇಲ್ಲ ತಲೆಯ ಮೇಲೊಂದು ಕೈ ಸಿಕ್ಕೀತು ಎಂದು ಬಂದಿದ್ದಳು.

"ಮುಖ ಮರೆಯೋಕೆ ಎಷ್ಟು ವರ್ಷ ಆಯ್ತು?" ಎಂದು ಕೇಳಿದಳು.

"ಅದು ಗೊತ್ತಾಗೂದಿಲ್ಲ. ನೀ ಹೊಟ್ಟ್ಯಾಗಿದ್ದಿ. ಒಂದಿನ ಬಟ್ಟಿ ಮಡಚಾಕತ್ತಿದ್ದೆ, ಅವನ್ನ ನೆನಸಿದೆ, ಮಾರಿ ಬರಲಿಲ್ಲ. ಅವತ್ತಿಂದ ಬಂದಿಲ್ಲ." ಕಮಲವ್ವ ಒಂದು ದಂಟು ಮುರಿದು ಎಲೆ ಬಿಡಿಸಿದಳು. "ಡಬ್ಬಿ ತುಂಬ ಇದ್ದರೂ ಮಾರಿ ಹೋಗತದೋ ಏನೋ, ನನಗ ತಿಳೀದವಾ."

ರೇಣು ಕಣ್ಣು ಮುಚ್ಚಿದಳು. ಮೊದಲು ಫೋನಿನ ವಾಲ್‌ಪೇಪರಿನಲ್ಲಿದ್ದ ಮುಖ ಬಂತು. ಆಮೇಲೆ ಶಾಲೆಯ ಫೋಟೋದ ಮುಖ. ಆಮೇಲೆ ಕೂದಲುದುರಿ ಊದಿಕೊಂಡಿದ್ದ ಆಸ್ಪತ್ರೆಯ ಮುಖ. ಫೋಟೋದಲ್ಲಿಲ್ಲದ ಒಂದು ಮುಖ, ಬೆಳಗ್ಗೆ ಎದ್ದು ಸುಮ್ಮನೆ ಅಡುಗೆಮನೆಗೆ ಬರುತ್ತಿದ್ದಂಥದ್ದು, ಅದಕ್ಕಾಗಿ ಹುಡುಕಿದಳು. ಅವ್ವ ಎದುರಿಗೆ ಸೊಪ್ಪು ಸೋಸುತ್ತಿದ್ದಳು. ರೇಣು ಕಣ್ಣು ತೆರೆಯದೆ ಹುಡುಕುತ್ತಲೇ ಇದ್ದಳು.