ಘಾಟಿನ ಕಡೆಯ ರಸ್ತೆ

ಶ್ರಾವಣದ ಎರಡನೆಯ ಭಾನುವಾರ. ಗಂಟೆ ಒಂಬತ್ತು ದಾಟಿದ್ದರೂ ಹೋಟೆಲಿನ ಎದುರು ಒಂದು ಕಾರೂ ನಿಂತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಇಡ್ಲಿಯ ಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳವನ್ನು ಎತ್ತಿ ಹಿಡಿದಿತ್ತು. ಪ್ರಭಾ ಅಭ್ಯಾಸ ತಪ್ಪದೆ ಕಾವಲಿಗೆ ನೀರು ಚಿಮುಕಿಸಿ, ಈರುಳ್ಳಿಯ ಹೋಳಿನಿಂದ ಎಣ್ಣೆ ಸವರಿ, ದೋಸೆ ಕೇಳುವವರಿಲ್ಲದೆ ಬೆಂಕಿ ಸಣ್ಣ ಮಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ದೊಡ್ಡ ಮಾಡುತ್ತಿದ್ದಳು. ನೆಲದ ಮೇಲೆ ಕುಳಿತು ಹಸಿಮೆಣಸಿನ ತೊಟ್ಟು ಮುರಿಯುತ್ತಿದ್ದ ಸಾಬವ್ವ ಅದನ್ನು ನೋಡಿ ನೋಡಿ, "ಅಕ್ಕಾರ, ಗ್ಯಾಸು ಆರಸ್ರಿ. ಕಾವಲಿಗೇ ತ್ರಾಸು ಕೊಡಾಕತ್ತೀರಿ" ಎಂದಳು.

ಕಲ್ಯಾಣದಿಂದ ಮುರಬಾಡ್ ದಾಟಿ ಮಾಳಶೇಜ್ ಘಾಟಿಗೆ ಹೋಗುವ ದಾರಿಯಲ್ಲಿ, ಸರಳಗಾಂವ್ ಕಳೆದ ಮೇಲೆ ಎಡಗಡೆಗೆ ಇವರ ಹೋಟೆಲು. ಮಳೆಗಾಲದ ಭಾನುವಾರಗಳಲ್ಲಿ ಠಾಣೆ, ಡೊಂಬಿವಲಿ, ಉಲ್ಹಾಸನಗರದ ಜನ ಜಲಪಾತ ನೋಡಲು ಇದೇ ದಾರಿಯಲ್ಲಿ ಮೇಲೆ ಹೋಗುತ್ತಾರೆ. ಹೋಗುವಾಗ ಇಡ್ಲಿ, ದೋಸೆ. ಇಳಿದು ಬರುವಾಗ ಕಾಫಿ, ಬಿಸಿ ಬಜ್ಜಿ. ಬಂದವರ ಮೈಯೆಲ್ಲ ಒದ್ದೆ. ಸಂಜೆಯ ಹೊತ್ತಿಗೆ ಬೆಂಚುಗಳ ಕೆಳಗೆ ನೀರು ನಿಲ್ಲುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿ ಬಕೆಟ್ಟಿಗೆ ಹಿಂಡುವುದು ಪ್ರಭಾಳ ಕೆಲಸ. ಘಾಟಿನ ನೀರನ್ನು ಅವಳು ಕಂಡದ್ದು ಅಷ್ಟೇ.

ಈ ಸಲ ಶುಕ್ರವಾರ ಘಾಟಿನಲ್ಲಿ ಬಂಡೆ ಉರುಳಿ ರಸ್ತೆ ಮುಚ್ಚಿತ್ತು. ಪ್ರಭಾಳ ಗಂಡ ಸಂಕರ್ಷಣ ಗಲ್ಲೆಯ ಹಿಂದೆ ಕುಳಿತು ಖಾಲಿ ರಸ್ತೆಯನ್ನು ನೋಡುತ್ತಿದ್ದ. ಡಾಂಬರಿನ ನಡುವೆ ಎರಡು ಎಮ್ಮೆಗಳು ನಿಶ್ಚಿಂತೆಯಿಂದ ಮಲಗಿದ್ದವು. ಅವನ ತಲೆಯ ಮೇಲಿನ ಗೋಡೆಗೆ ಸರ್ವೆಯವರು ಬಳಿದು ಹೋದ ಕೆಂಪು ಗೀಟು ಇತ್ತು. ರಸ್ತೆ ಅಗಲವಾಗುತ್ತದೆ, ಈ ವಾರ ಮುಗಿಯುವುದರೊಳಗೆ ಜಾಗ ಬಿಡಬೇಕು. ಮಗಳು ಶ್ರೀವಾಣಿ ಖಾರಘರದಲ್ಲಿ ನೌಕರಿಯಲ್ಲಿದ್ದಳು. ಅವಳೇ ಓಡಾಡಿ ಅಲ್ಲೊಂದು ಕಾಲೇಜಿನ ಕ್ಯಾಂಟೀನು ಗೊತ್ತುಮಾಡಿದ್ದಳು. ಅಂದರೆ ಮತ್ತೆ ಹಿಟ್ಟು, ಮತ್ತೆ ಕಾವಲಿ, ಬೇರೆ ಊರು. ಈ ವಯಸ್ಸಿನಲ್ಲಿ ಇನ್ನೊಮ್ಮೆ ಮೊದಲಿನಿಂದ ಶುರುಮಾಡುವುದನ್ನು ನೆನೆದರೆ ಅವನಿಗೆ ಸೊಂಟದ ನೋವು ಹೆಚ್ಚಾಗುತ್ತಿತ್ತು.

ಹತ್ತು ಗಂಟೆಯ ಸುಮಾರಿಗೆ ಹವಾಲ್ದಾರ ಭೋಯಿರ್ ಬೈಕಿನಲ್ಲಿ ಬಂದ. ರೇನ್‌ಕೋಟು ಕಳಚದೆಯೇ ಬಾಗಿಲಲ್ಲಿ ನಿಂತು, "ಶೆಟ್ಟಿ, ಏಕ್ ಕಡಕ್ ಚಹಾ" ಎಂದ. ಸಂಕರ್ಷಣ ಶೆಟ್ಟಿಯಲ್ಲ. ಮೊದಮೊದಲು ಹೇಳಿ ನೋಡಿದ್ದ. ಈ ಕಡೆ ಇಡ್ಲಿ ಮಾರುವವರೆಲ್ಲ ಶೆಟ್ಟಿಗಳೇ ಎಂದು ತಿಳಿದ ಮೇಲೆ ಬಿಟ್ಟುಬಿಟ್ಟಿದ್ದ. ಚಹಾ ಊದಿ ಕುಡಿಯುತ್ತ ಭೋಯಿರ್ ಮರಾಠಿಯಲ್ಲಿ ಸುದ್ದಿ ಹೇಳಿದ: ಬಂಡೆ ಸರಿಸಿ ಆಗಿದೆ, ಹನ್ನೆರಡಕ್ಕೆ ಸಣ್ಣ ಗಾಡಿಗಳನ್ನು ಬಿಡುತ್ತಾರೆ.

ಸಂಕರ್ಷಣ ಎದ್ದೇ ಬಿಟ್ಟ. "ಪ್ರಭಾ, ಸಾಂಬಾರಿಗೆ ಇನ್ನೊಂದಷ್ಟು ಬೇಳೆ ಹಾಕು. ಸಾಬವ್ವಾ, ಕಾಯಿ ತುರಿ. ಎರಡು ದಿನದಿಂದ ಮನೆಯಲ್ಲಿ ಕೂತ ಜನ ಒಟ್ಟಿಗೆ ಬರ್ತಾರೆ ನೋಡಿ ಈಗ."

ಪ್ರಭಾ ಕಾವಲಿಯ ಬೆಂಕಿ ಆರಿಸಿದಳು. ಸೊಂಟಕ್ಕೆ ಸಿಕ್ಕಿಸಿದ ಬಟ್ಟೆ ತೆಗೆದು ಕೈ ಒರೆಸಿಕೊಂಡಳು.

"ನಾನು ಇವತ್ತು ಘಾಟಿಗೆ ಹೋಗ್ತೇನೆ."

"ಎಂತ?"

"ಘಾಟಿಗೆ. ನೀವು ಕರ್ಕೊಂಡು ಹೋದ್ರೆ ವ್ಯಾನಲ್ಲಿ. ಇಲ್ಲದಿದ್ರೆ ರಸ್ತೆಯಲ್ಲಿ ನಿಂತು ಯಾರದ್ದಾದ್ರೂ ಗಾಡಿಗೆ ಕೈ ತೋರಿಸ್ತೇನೆ."

"ನಿನಗೆ ತಲೆ ಸರಿ ಉಂಟಾ ಮಾರಾಯ್ತಿ? ಜನ ಬರುವ ಹೊತ್ತು."

"ಬರ್ಲಿ."

"ಅಷ್ಟು ಹಿಟ್ಟು ಉಂಟು."

"ಹಿಟ್ಟು ಯಾವತ್ತು ಇರ್ಲಿಲ್ಲ?"

ಅವಳ ದನಿ ಏರಿರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವರು ಠಾಣೆಯ ನೌಪಾಡಾದಲ್ಲಿದ್ದರು. ಅವನು ಒಂದು ಹೋಟೆಲಿನ ಗಲ್ಲೆ ನೋಡಿಕೊಳ್ಳುತ್ತಿದ್ದ. ಒಂದೇ ಕೋಣೆಯ ಮನೆಯಾದರೂ ಪಕ್ಕದಲ್ಲಿ ತುಳು ಮಾತಾಡುವ ಹೆಂಗಸರಿದ್ದರು, ಸಂಜೆ ಸುತ್ತಾಡಲು ಪೇಟೆಯಿತ್ತು. ಅದನ್ನು ಬಿಟ್ಟು ಈ ಗದ್ದೆಗಳ ನಡುವೆ ಬರಲು ಅವಳು ಒಪ್ಪಿರಲಿಲ್ಲ. "ಘಾಟಿ ನಮ್ಮ ಹಿತ್ತಲಲ್ಲೇ ಉಂಟು ಪ್ರಭಾ. ವ್ಯಾಪಾರ ಒಮ್ಮೆ ಹಿಡೀಲಿ, ವಾರಕ್ಕೊಂದು ಸಲ ಹೋಗಿ ಕೂತು ಬರುವ" ಎಂದು ಅವನು ಒಪ್ಪಿಸಿದ್ದ. ವ್ಯಾಪಾರ ಹಿಡಿಯಿತು. ಬೇಸಿಗೆಯಲ್ಲಿ ಘಾಟಿ ಒಣಗಿ ನೋಡಲು ಏನೂ ಇರುತ್ತಿರಲಿಲ್ಲ. ಮಳೆ ಬಿದ್ದರೆ ಇವರಿಗೆ ಪುರಸೊತ್ತು ಇರುತ್ತಿರಲಿಲ್ಲ. ಸಾಮಾನು ತರಲು ವ್ಯಾನು ಹೋಗುತ್ತಿದ್ದದ್ದು ಕೆಳಗೆ, ಕಲ್ಯಾಣದ ಮಾರ್ಕೆಟ್ಟಿಗೆ. ಎಡಕ್ಕೆ, ಘಾಟಿನ ಕಡೆಗೆ, ತಿರುಗುವ ಕಾರಣವೇ ಬರಲಿಲ್ಲ. ಇಲ್ಲಿಗೆ ಬಂದಾಗ ಎರಡನೇ ಕ್ಲಾಸಿನಲ್ಲಿದ್ದ ಶ್ರೀವಾಣಿ ಓದು ಮುಗಿಸಿ ನೌಕರಿಗೆ ಸೇರಿದಳು.

ನಿನ್ನೆ ಸಂಜೆ ಆ ಹುಡುಗಿ ತಾಯಿಯ ಫೋನಿಗೆ ಏನೋ ಕಳಿಸಿದ್ದಳು. ಜೀವಮಾನದಲ್ಲಿ ಒಮ್ಮೆಯಾದರೂ ಹೋಗಲೇಬೇಕಾದ ಚೆಂದದ ರಸ್ತೆಗಳು ಎಂದು ಯಾರೋ ಪಟ್ಟಿ ಮಾಡಿದ್ದರು. ಅದರಲ್ಲಿ ಈ ರಸ್ತೆಯೂ ಇತ್ತು. 'ಅಮ್ಮಾ, ನಮ್ಮ ರೋಡ್ ಫೇಮಸ್' ಎಂದು ಬರೆದು ನಗುವ ಮುಖ ಹಾಕಿದ್ದಳು. ಪ್ರಭಾ ಹಿಟ್ಟಿನ ಕೈಯಲ್ಲೇ ಚಿತ್ರವನ್ನು ದೊಡ್ಡದು ಮಾಡಲು ಹೋದದ್ದಕ್ಕೆ ಗಾಜೆಲ್ಲ ಬೆಳ್ಳಗಾಗಿತ್ತು. ಒರೆಸಿ ಮತ್ತೆ ನೋಡಿದ್ದಳು.

"ನಾಳೆ ಹೋಗುವ" ಎಂದ ಸಂಕರ್ಷಣ.

"ನಾಳೆ ಖಾರಘರಕ್ಕೆ ಹೋಗ್ಲಿಕ್ಕುಂಟು ಅಂದ್ರಿ. ಗ್ಯಾಸಿನ ಪೈಪು ನೋಡ್ಲಿಕ್ಕೆ."

"ಮಂಗಳವಾರ."

"ಮಂಗಳವಾರ ಬಡಗಿ ಬರ್ತಾನೆ ಕಪಾಟು ಬಿಚ್ಚಲಿಕ್ಕೆ. ಮುಂದಿನ ಭಾನುವಾರ ಈ ಗೋಡೆಯೇ ಇರುವುದಿಲ್ಲ."

"ಖಾರಘರ ಏನು ದೂರವಾ? ಅಲ್ಲಿಂದ ಬಂದು ನೋಡುವ."

ಪ್ರಭಾ ಅವನನ್ನೇ ನೋಡಿದಳು. "ಇಲ್ಲಿಂದ ಹೋಗ್ಲಿಕ್ಕೆ ಆಗ್ಲಿಲ್ಲ."

ಚಹಾದ ಲೋಟ ಹಿಡಿದ ಭೋಯಿರ್‌ಗೆ ಮಾತು ತಿಳಿಯದಿದ್ದರೂ ಜಗಳ ತಿಳಿಯಿತು. ಅವನು ಸಂಕೋಚದಿಂದ ಮಳೆಯ ಕಡೆ ಮುಖ ಮಾಡಿದ. ಸಾಬವ್ವ ಮೆಣಸಿನ ಬುಟ್ಟಿ ಪಕ್ಕಕ್ಕೆ ಸರಿಸಿದಳು.

"ಹೋಗಿ ಬರ್ರಿ ಮಾಲಕ್ರ. ಇಡ್ಲಿ ನಾ ಬೇಯಸ್ತೀನಿ, ಚಾ ನಾ ಕಾಸ್ತೀನಿ. ಯಾರರೆ ದ್ವಾಸಿ ಕೇಳಿದ್ರ, ಮಾಲಕ್ರು ಹೆಂಡ್ರನ್ನ ಕರಕೊಂಡು ಹನಿಮೂನಿಗೆ ಹೋಗ್ಯಾರ ಅಂತೀನಿ."

ಹನಿಮೂನ್ ಎಂಬ ಒಂದು ಮಾತು ಭೋಯಿರ್‌ಗೆ ಅರ್ಥವಾಯಿತು. ಅವನು ಚಹಾ ಮೂಗಿಗೆ ಏರುವಂತೆ ನಕ್ಕ. "ಜಾ ಶೆಟ್ಟಿ, ಜಾ. ಬ್ಯಾರಿಕೇಡಿನಲ್ಲಿ ನನ್ನ ಹೆಸರು ಹೇಳು, ಮೊದಲು ನಿನ್ನನ್ನೇ ಬಿಡ್ತಾರೆ" ಎಂದ ಮರಾಠಿಯಲ್ಲಿ.

ಸಂಕರ್ಷಣ ಗಲ್ಲೆಯ ಬೀಗದ ಕೈಯನ್ನು ಸಾಬವ್ವನ ಕಡೆ ಚಾಚಿದ. ಕೊಡುವಾಗ ಮುಖ ಗಂಟಿಕ್ಕಿಕೊಂಡಿದ್ದ.

ವ್ಯಾನಿನ ತುಂಬ ಕೊತ್ತಂಬರಿ ಸೊಪ್ಪಿನ, ತೆಂಗಿನ ನಾರಿನ ವಾಸನೆ. ಪ್ರಭಾ ಸೀಟಿನ ಮೇಲಿದ್ದ ಬಾಡಿದ ಸೊಪ್ಪಿನ ಎಸಳುಗಳನ್ನು ಹೆಕ್ಕಿ ಹೊರಗೆಸೆದು ಕುಳಿತಳು. ಸೀರೆ ಬದಲಿಸಿರಲಿಲ್ಲ. ವ್ಯಾನು ಹೊರಟ ಮೇಲೂ ಕಿಟಕಿಯಿಂದ ತಲೆ ಹೊರಹಾಕಿ, "ಸಾಬವ್ವಾ, ಚಟ್ನಿಗೆ ಒಗ್ಗರಣೆ ಕಡೆಗೆ ಹಾಕು" ಎಂದು ಕೂಗಿದಳು.

ತೋಕಾವಡೆ ಬರುವವರೆಗೆ ಅವಳು ಮಾತಾಡುತ್ತಲೇ ಇದ್ದಳು. ಮಾತು ಹೋಟೆಲಿನದೇ. ಉದ್ದಿನ ಡಬ್ಬಿಯ ಬಾಯಿ ಮುಚ್ಚಿದ್ದೇನಾ, ಹಾಲು ಉಕ್ಕೀತಾ. ಆಮೇಲೆ ಎರಡೂ ಬದಿ ನಾಟಿಯಾದ ಗದ್ದೆಗಳು ಬಂದವು. ತಲೆಗೆ ಪ್ಲಾಸ್ಟಿಕ್ಕು ಹೊದ್ದು ಹೆಂಗಸರು ಬಗ್ಗಿ ಕಳೆ ಕೀಳುತ್ತಿದ್ದರು. "ನಮ್ಮ ಕಡೆಯ ಹಾಗೇ ಅಲ್ವಾ?" ಎಂದಳು. ಅವನು ಹೂಂಗುಟ್ಟಿದ. ಅವನ ಮನಸ್ಸು ಹಿಂದಿನ ರಸ್ತೆಯಲ್ಲಿತ್ತು. ಇಷ್ಟು ಹೊತ್ತಿಗೆ ಕಾರುಗಳು ಮುರಬಾಡ್ ದಾಟಿರುತ್ತವೆ.

ಬ್ಯಾರಿಕೇಡಿನಲ್ಲಿ ಸ್ವಲ್ಪ ಕಾಯಬೇಕಾಯಿತು. ಭೋಯಿರ್‌ನ ಹೆಸರು ಹೇಳಿದ್ದಕ್ಕೆ ಪೊಲೀಸನೊಬ್ಬ ಕೈ ಬೀಸಿ ಬಿಟ್ಟ. ರಸ್ತೆ ಏರತೊಡಗಿತು. ಬಂಡೆ ಬಿದ್ದಲ್ಲಿ ಕೆಂಪು ಮಣ್ಣು ಇನ್ನೂ ಹರಡಿತ್ತು. ಗೇರು ಬದಲಿಸಿ ಅದನ್ನು ನಿಧಾನಕ್ಕೆ ದಾಟಿಸಿದ ಮೇಲೆ ಮೊದಲ ನೀರು ಕಂಡಿತು. ಬೆಟ್ಟದ ನೆತ್ತಿಯಿಂದ ಜಾರಿ ರಸ್ತೆಯ ಅಂಚಿಗೇ ಬೀಳುತ್ತಿತ್ತು.

"ಅಕೋ, ನೋಡು" ಎಂದ.

ತಿರುಗಿ ನೋಡಿದರೆ ಪ್ರಭಾಳ ತಲೆ ಕಿಟಕಿಯ ಗಾಜಿಗೆ ಒರಗಿತ್ತು. ಬಾಯಿ ತುಸು ತೆರೆದಿತ್ತು.

"ಪ್ರಭಾ."

ವ್ಯಾನು ಕುಲುಕಿದಾಗ ತಲೆ ಗಾಜಿಗೆ ತಾಗಿತು. ಅವಳಿಗೆ ಎಚ್ಚರವಾಗಲಿಲ್ಲ. ಅವನಿಗೆ ಸಿಟ್ಟು ಬಂತು. ವ್ಯಾಪಾರ ಬಿಟ್ಟು ಕರೆದುಕೊಂಡು ಬಂದದ್ದು ಇವಳು ನಿದ್ದೆ ಮಾಡಲಿಕ್ಕಾ? ಇನ್ನೊಂದು ತಿರುವು ದಾಟಲಿ, ಅಲ್ಲಿ ಎಬ್ಬಿಸಿದರಾಯಿತು ಎಂದುಕೊಂಡ. ಆ ತಿರುವಿನಲ್ಲಿ ಮಂಜು ಇತ್ತು. ಅದರಾಚೆಯ ತಿರುವಿನಲ್ಲಿ ನೀರು ವ್ಯಾನಿನ ತಗಡಿನ ಮೇಲೆಯೇ ಧಬಧಬ ಬಿತ್ತು. ಈಗ ಏಳುತ್ತಾಳೆ ಎಂದುಕೊಂಡ. ಅವಳು ಏನೋ ಗೊಣಗಿ ಮುಖವನ್ನು ಇತ್ತ ಹೊರಳಿಸಿದಳು, ಅಷ್ಟೇ. ಸುರಂಗ ಕಳೆದು ರಸ್ತೆ ಸ್ವಲ್ಪ ಅಗಲವಾದಲ್ಲಿ ಅವನು ವ್ಯಾನನ್ನು ಕಣಿವೆಯ ಕಡೆಗೆ ಸರಿಸಿ ನಿಲ್ಲಿಸಿದ.

ಇಳಿದ. ತುಂತುರು ಬೀಳುತ್ತಿತ್ತು. ಹೆಗಲ ಬೈರಾಸನ್ನು ತಲೆಗೆ ಹೊದ್ದು ರಸ್ತೆಯಂಚಿನ ಕಟ್ಟೆಯ ಬಳಿ ಹೋದ. ಎದುರು ಬರೀ ಬಿಳಿ. ಅವನು ಮರಳಬೇಕೆನ್ನುವಾಗ ಗಾಳಿ ಬೀಸಿ, ಬಿಳಿಯ ನಡುವೆ ಒಂದು ಕಡೆ ಹಸಿರು ತೆರೆಯಿತು. ಆಮೇಲೆ ಇಡೀ ಬೆಟ್ಟ ಎದುರು ನಿಂತಿತು. ಅದರ ಮೈಮೇಲೆ ಎಷ್ಟು ನೀರು, ಎಲ್ಲಿಂದೆಲ್ಲ! ಒಂದೆರಡು ತೊರೆಗಳು ಕೆಳಗೆ ಬೀಳಲೇ ಇಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಗಾಳಿ ಅವನ್ನು ಹಿಡಿದು ಹೊಗೆಯಂತೆ ಮೇಲಕ್ಕೆ ತೂರುತ್ತಿತ್ತು. ಸಂಕರ್ಷಣ ಕೂಗಲು ಬಾಯಿ ತೆರೆದ. ಕೂಗದೆ ವ್ಯಾನಿಗೆ ಓಡಿಬಂದು ಅವಳ ಬದಿಯ ಗಾಜು ತಟ್ಟಲು ಬೆರಳು ಎತ್ತಿದ.

ಅವಳ ಒಂದು ಕಾಲು ಚಪ್ಪಲಿಯಿಂದ ಹೊರಬಂದಿತ್ತು. ಊದಿದ ಹಿಮ್ಮಡಿ. ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿದ್ದವು. ಮಣಿಕಟ್ಟಿನ ಮೇಲೆ ಕಾವಲಿಯ ಅಂಚು ತಾಗಿದ ಹಳೆಯ ಗೆರೆಗಳು, ಅವುಗಳ ನಡುವೆ ಒಂದು ಹೊಸದು. ಬೆಳಗಿನ ಜಾವ ಅವನಿಗಿಂತ ಮೊದಲು ಎದ್ದು, ರಾತ್ರಿ ಅವನು ಮಲಗಿದ ಮೇಲೆ ಹಿಟ್ಟು ಮುಚ್ಚಿಟ್ಟು ಬರುವವಳು. ಹಗಲು ಹೊತ್ತಿನಲ್ಲಿ ಅಕ್ಕಿಯ ಮೂಟೆಗೆ ಒರಗಿ ಕಣ್ಣು ಮುಚ್ಚಿದ್ದನ್ನು ಕಂಡಿದ್ದ. ಯಾರಾದರೂ ಬಂದರೆ ತಟ್ಟನೆ ಏಳುತ್ತಿದ್ದಳು. ಹೀಗೆ ಬಾಯಿ ಬಿಟ್ಟು ಮಲಗಿದ್ದನ್ನು ಕಂಡ ನೆನಪು ಅವನಿಗೆ ಬರಲಿಲ್ಲ. ತುಟಿಯ ಕೊನೆಯಲ್ಲಿ ಸ್ವಲ್ಪ ಜೊಲ್ಲು ಇಳಿದಿತ್ತು.

ಬೆರಳು ಗಾಜಿನಿಂದ ಒಂದು ಗೇಣು ದೂರದಲ್ಲೇ ಉಳಿಯಿತು. ಬೆಟ್ಟದ ಕಡೆ ನೋಡಿದ. ಮಂಜು ಮತ್ತೆ ಕೂಡತೊಡಗಿತ್ತು. ಈಗ ಎಬ್ಬಿಸಿದರೆ ಇನ್ನೂ ಸಿಕ್ಕೀತು. ಅವನು ಅಲ್ಲೇ ನಿಂತ. ಬಿಳಿ ಬಂದು ಎಲ್ಲವನ್ನೂ ಮುಚ್ಚಿತು.

ಜೇಬಿನಲ್ಲಿ ಫೋನು ರಿಂಗಾಯಿತು. ಅವನು ಅದನ್ನು ಅಂಗೈಯಲ್ಲಿ ಅದುಮಿಕೊಂಡು ರಸ್ತೆಯುದ್ದಕ್ಕೆ ಓಡಿದ.

"ಮಾಲಕ್ರ, ಎಲ್ಲದೀರಿ? ಮಂದಿ ಭಾಳ ಬಂದಾರ್ರಿ. ಹೊರಗ ಗಾಡಿ ಪಾಳೆ ಹಚ್ಚ್ಯಾವ. ದ್ವಾಸಿನೇ ಬೇಕಂತ ಕುಂತಾರ."

"ಇಡ್ಲಿ ಇರುವಷ್ಟು ಕೊಡು. ಮುಗಿದ ಮೇಲೆ ಶಟರ್ ಎಳೆ."

"ಏನಂದ್ರಿ?"

"ಶಟರ್ ಎಳೆದುಬಿಡು ಅಂದೆ."

"ಐತ್ವಾರ ದಿನಾನಾ?" ಸಾಬವ್ವ ದನಿ ತಗ್ಗಿಸಿದಳು. "ಅಕ್ಕಾರು ನೋಡಿದ್ರೇನ್ರಿ ನೀರು?"

ಅವನು ವ್ಯಾನಿನ ಕಡೆ ತಿರುಗಿದ. ಕಿಟಕಿಯ ಗಾಜು ಒಳಗಿನ ಉಸಿರಿಗೆ ಮಬ್ಬಾಗಿತ್ತು. "ಇಡ್ತೇನೆ" ಎಂದು ಫೋನು ಆರಿಸಿದ.

ಕೆಳಗೆ ಸುರಂಗದ ಆಚೆ ಹಾರ್ನು ಕೇಳಿತು. ದಾರಿ ಬಿಟ್ಟಿದ್ದಾರೆ, ಇನ್ನು ಒಂದರ ಹಿಂದೆ ಒಂದು. ಸುರಂಗದ ಬಾಯಲ್ಲಿ ಹಾರ್ನು ಬಾರಿಸಿ ಎಂದು ಮರಾಠಿಯಲ್ಲಿ ದೊಡ್ಡ ಫಲಕವೇ ಇತ್ತು. ಸಂಕರ್ಷಣ ಬೈರಾಸು ಬಿಗಿದುಕೊಂಡು ಆ ಫಲಕದ ಮುಂದೆ ಹೋಗಿ ರಸ್ತೆಯ ಅಂಚಿನಲ್ಲಿ ನಿಂತ. ಮೊದಲ ಕಾರು ಬಂದಾಗ ಎರಡೂ ಕೈ ಎತ್ತಿದ. ಒಳಗೆ ಕಾಲೇಜಿನ ಹುಡುಗ ಹುಡುಗಿಯರು. ಹಾಡು ಹೊರಗಿನವರೆಗೆ ಕೇಳುತ್ತಿತ್ತು.

"ಕ್ಯಾ ಹುವಾ ಅಂಕಲ್? ಗಾಡಿ ಬಂದ್ ಪಡೀ?"

"ನಹೀ. ಹಾರ್ನ್ ಮತ್ ಬಜಾನಾ. ಧೀರೇ ಜಾವೋ." ಹಾರ್ನು ಬೇಡ, ಮೆಲ್ಲಗೆ ಎಂದು ಕೈಸನ್ನೆಯನ್ನೂ ಮಾಡಿದ.

ನಡೆಸುತ್ತಿದ್ದ ಹುಡುಗ ಮತ್ತೆ ಬಂಡೆ ಉರುಳುವುದೇನೋ ಎಂಬ ಗಾಬರಿಯಿಂದ ಬೆಟ್ಟದ ಕಡೆ ಕತ್ತೆತ್ತಿದ. "ಫಿರ್ ಸೇ ಪತ್ಥರ್ ಗಿರೇಗಾ ಕ್ಯಾ?"

"ನಹೀ, ನಹೀ." ಸಂಕರ್ಷಣನಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ವ್ಯಾನಿನ ಕಡೆ ಗದ್ದ ತೋರಿಸಿ, ಅಂಗೈಯನ್ನು ಕೆನ್ನೆಗೆ ಆನಿಸಿ ನಿದ್ದೆಯ ಸನ್ನೆ ಮಾಡಿದ. "ಸೋ ರಹೀ ಹೈ."

ಹಿಂದಿನ ಸೀಟಿನ ಹುಡುಗಿ ಕತ್ತು ಚಾಚಿ ನೋಡಿದಳು. ಮುಂದಕ್ಕೆ ಬಾಗಿ ಹಾಡು ಆರಿಸಿದಳು. ಕಾರು ಚಕ್ರದ ಸದ್ದೂ ಕೇಳದಷ್ಟು ಮೆಲ್ಲಗೆ ವ್ಯಾನನ್ನು ದಾಟಿ ಹೋಯಿತು.

ಅದರ ಹಿಂದೆ ಇನ್ನೊಂದು ಬಂತು, ಆಮೇಲೆ ಬೈಕುಗಳ ಗುಂಪು. ಅವನು ಒಬ್ಬೊಬ್ಬರಿಗೂ ಕೈ ಎತ್ತಿ ನಿಲ್ಲಿಸಿ, ತುಟಿಗೆ ಬೆರಳಿಟ್ಟು, ಮುಂದೆ ಕಳಿಸಿದ. ಬೈರಾಸು ನೆನೆದು ನೀರು ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಮುಂದೆ ಗಾಡಿ ನಿಲ್ಲಿಸಿ ಇಳಿದು ಫೋಟೋ ತೆಗೆಯುತ್ತಿದ್ದವರು ಒಮ್ಮೆಲೇ ಹೋ ಎಂದು, ಕೂಡಲೇ ತಮ್ಮತಮ್ಮಲ್ಲೇ ಶ್ ಎಂದುಕೊಂಡರು. ಅವನ ಹಿಂದೆ ಬೆಟ್ಟ ಮತ್ತೆ ತೆರೆದಿತ್ತು. ಸುರಂಗದೊಳಗೆ ಎರಡು ದೀಪ ಕಾಣಿಸಿದವು. ಅವನು ಕಣ್ಣಿನ ನೀರು ಒರೆಸಿಕೊಂಡು ಕೈ ಎತ್ತಿದ.