ಇಸ್ತ್ರಿ ಕೋಣೆಯ ಕಿಟಕಿ

ಬಟ್ಟೆ ಕಾರ್ಖಾನೆಯ ಇಸ್ತ್ರಿ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದಕ್ಕೂ ಮ್ಯಾನೇಜರ್ ಮೊಳೆ ಹೊಡೆಸಿದ್ದ. ಹೊರಗಿನ ಧೂಳು ಬಿಳಿ ಅಂಗಿಗಳ ಮೇಲೆ ಕೂರುತ್ತದಂತೆ. ಒಳಗೆ ಬೇಯುವವರ ಚಿಂತೆ ಅವನಿಗೇಕೆ? ಅಲ್ಲಿ ಇಸ್ತ್ರಿ ಹಾಕುತ್ತಿದ್ದ, ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸಿನ ಪಕ್ಕದ ಮೇಜಿನ ಬಳಿ ನಿಲ್ಲುತ್ತಿದ್ದವಳು ಅವಳ ಒಡಹುಟ್ಟಿದ ತಂಗಿ, ತುಂಬು ಬಸುರಿ. ಆ ಹಬೆಯಲ್ಲಿ ಅವಳು ಎರಡು ಸಲ ತಲೆ ಸುತ್ತಿ ಬಿದ್ದಿದ್ದಳು. ಇನ್ನೊಂದು ಸಲ ಬಿದ್ದರೆ ಏನು ಗತಿ ಎಂದು ಅಕ್ಕ ಜೀವ ಕೈಯಲ್ಲಿ ಹಿಡಿದುಕೊಂಡೇ ದಿನ ದೂಡುತ್ತಿದ್ದಳು.

ಹಾಗಾಗಿ, ಮ್ಯಾನೇಜರ್ ತೊಲಗಲಿ ಎಂದು ಎಲ್ಲರೂ ಮೆಷಿನ್ ನಿಲ್ಲಿಸಿ ಹೊಲಿಗೆ ಹಾಲಿನಲ್ಲಿ ಧರಣಿ ಕೂತಾಗ ಅವಳೂ ಕೂತಳು. ಅವನು ತೊಲಗಿದರೆ ಮೊಳೆಯೂ ತೊಲಗುತ್ತದೆ ಎಂದುಕೊಂಡಿದ್ದಳು, ಪಾಪ.

ಮುಂದಾಳು ಕಟಿಂಗ್ ಮಾಸ್ತರ. ಅವನ ದೊಡ್ಡ ದನಿಗೆ ಎಲ್ಲರೂ ಇಟ್ಟ ಹೆಸರು ಗುಡುಗಣ್ಣ. ಮೊದಲ ಸಭೆಯಲ್ಲಿ ಅವನು, ಏನೇನು ಬೇಕು ಹೇಳಿ ಎಂದು ಕೇಳಿ ಕೈಸುಟ್ಟುಕೊಂಡಿದ್ದ. ಒಬ್ಬರಿಗೆ ಸಂಬಳ, ಒಬ್ಬರಿಗೆ ರಜೆ, ಇನ್ನೊಬ್ಬರಿಗೆ ಕಕ್ಕಸಿನ ಬಾಗಿಲಿಗೆ ಚಿಲಕ. ಯಾವುದು ಮೊದಲು ಎಂಬುದಕ್ಕೇ ಜುಟ್ಟು ಜುಟ್ಟು ಹಿಡಿದುಕೊಂಡರು.

"ಬೇಕು ಅಂತ ಕೇಳಿದ್ರೆ ಒಬ್ಬೊಬ್ರದ್ದು ಒಂದೊಂದು ರಾಗ. ಇನ್ಮೇಲೆ ಬೇಡ ಅನ್ನೋರು ಮಾತ್ರ ಕೈ ಎತ್ತಿ" ಎಂದ ಗುಡುಗಣ್ಣ.

ಅಂದಿನಿಂದ ಅದೇ ಕಟ್ಟಳೆ. ಮ್ಯಾನೇಜರ್ ಬೇಡ ಎಂದು ಇಡೀ ಹಾಲ್ ಕೈ ಎತ್ತಿದಾಗ ಅಕ್ಕನ ಮೈಯೂ ಜುಮ್ಮೆಂದಿತ್ತು. ಅವಳು ಕಿಟಕಿಯ ಮಾತು ತೆಗೆದಾಗಲೆಲ್ಲ ಗುಡುಗಣ್ಣ, ಮೊದಲು ಅವನು ಹೋಗಲಿ ಅಕ್ಕಾ, ಆಮೇಲೆ ನೋಡೋಣ ಎಂದು ಸಾಗಹಾಕುತ್ತಿದ್ದ.

ಕೊನೆಗೂ ಮ್ಯಾನೇಜರ್ ಗಂಟುಮೂಟೆ ಕಟ್ಟಿದ. ಮಾಲೀಕರ ಗುಮಾಸ್ತ ಬಂದು ಹಾಲಿನ ಬಾಗಿಲಲ್ಲಿ ನಿಂತು, ಅವನು ಹೋದನಲ್ಲ, ಈಗ ನಿಮಗೇನು ಬೇಕು ಎಂದು ಕೇಳಿದ. ಗುಡುಗಣ್ಣ ಜನರ ಮುಖ ನೋಡಿದ, ಜನ ಅವನ ಮುಖ ನೋಡಿದರು. ಮೊಳೆ ಮಾತ್ರ ಕಿಟಕಿಯಲ್ಲಿ ಹಾಗೇ ಇತ್ತು. ಗುಮಾಸ್ತ ಕಾದು ಸಾಕಾಗಿ, ನಾಳೆಯಿಂದ ಮಾಲೀಕರ ಅಳಿಯನೇ ಮ್ಯಾನೇಜರ್, ಏನಾದರೂ ಹೇಳುವುದಿದ್ದರೆ ಈಗಲೇ ಹೇಳಿಬಿಡಿ ಎಂದ.

ಇದೇ ಸಮಯ ಎನಿಸಿತು ಅಕ್ಕನಿಗೆ. ಎದ್ದು ನಿಂತು, ಮಾತಾಡಬೇಕೆಂದು ಕೈ ಎತ್ತಿದಳು.

ಗುಡುಗಣ್ಣನಿಗೆ ಹೋದ ಜೀವ ಬಂದಂತಾಯಿತು. "ನೋಡ್ರಪ್ಪ, ಇಸ್ತ್ರಿ ಅಕ್ಕ ಆಗಲೇ ಅಳಿಯ ಬೇಡ ಅಂದ್ಲು. ಇನ್ಯಾರಿಗೆ ಬೇಡ?"

ಇಡೀ ಹಾಲ್ ಕೈ ಎತ್ತಿತು.

"ಬೇಡ ಅಲ್ಲ ಅಣ್ಣಾ, ನಂಗೆ ಕಿಟಕಿ ಬೇಕು" ಎಂದಳು. ಕೂಗಾಟದಲ್ಲಿ ಅದು ಅವಳ ಕಿವಿಗೇ ಬೀಳಲಿಲ್ಲ. ಗುಮಾಸ್ತ ಕೈಗಳನ್ನೊಮ್ಮೆ ನೋಡಿ, ಇದನ್ನೇ ಮಾಲೀಕರಿಗೆ ಹೇಳುತ್ತೇನೆ ಎಂದು ಹೊರಟ. ಗೋಡೆಗೆ ಒರಗಿ ಕೂತಿದ್ದ ತಂಗಿ ಬೆವರು ಒರೆಸಿಕೊಳ್ಳುತ್ತ ಅಕ್ಕನನ್ನೇ ನೋಡುತ್ತಿದ್ದಳು.

ಅಕ್ಕನ ತೋಳು ಸೋಲುತ್ತಿತ್ತು. ಆದರೂ ಕೈ ಇಳಿಸುವಂತಿರಲಿಲ್ಲ. ಎಲ್ಲರ ಕಣ್ಣೂ ಅವಳ ಮೇಲಿತ್ತು. ಇಳಿಸಿದರೆ ಅಳಿಯನನ್ನು ಒಪ್ಪಿಕೊಂಡ ಹಾಗಾಗುತ್ತಿತ್ತು.