ಕ್ರೂಸರಿನ ಚಾವಿ

ಲವಂಗ, ಬಾಯಿ ತುಂಬ ಲವಂಗ ಜಗಿದಿದ್ದಾನೆ, ಆದರೂ ಅದರ ಕೆಳಗಿಂದ ಆ ಇನ್ನೊಂದು ವಾಸನೆ ಬಂದೇ ಬಂತು, ಹುಳಿ, ಬಿಸಿ, ಬಾ ಯಕ್ಕಾ, ಮುಂದಿನ ಸೀಟಿನ್ಯಾಗ ಕುಂದ್ರು ಅಂತ ಮುತ್ತುರಾಜ ಬಾಗಿಲು ತೆಗೆದು ಬಗ್ಗಿದಾಗ ಸಾವಂತ್ರವ್ವನ ಮುಖಕ್ಕೇ ಬಡಿಯಿತು ಆ ಉಸಿರು, ಭಾನುವಾರದ ಆರಾಧನೆ ಮುಗಿದು ಇನ್ನೂ ಚಾಪೆ ಸುತ್ತಿಟ್ಟಿಲ್ಲ, ಇವನೇ, ಕ್ರೈಸ್ತ ಸಭೆಯ ಹಿರಿಯ, ಈಗಷ್ಟೇ ಪ್ರಭುಭೋಜನದ ಪವಿತ್ರ ಬಟ್ಟಲು ಹಿಡಿದು ಸಾಲು ಸಾಲಿಗೆ ಬಂದವನು, ಇದೇ ಬಾಯಿಂದ ಹಾಡಿದವನು, ಯಾವಾಗ ಕುಡಿದ — ಟೈರಿನ ಗಾಳಿ ನೋಡಿ ಬರ್ತೇನಿ ಅಂತ ತಗಡಿನ ಶೆಡ್ಡಿನ ಹಿಂದೆ ಹೋದನಲ್ಲ, ಆವಾಗ. ಸಿಂದಗಿಯಿಂದ ಬಸವನ ಬಾಗೇವಾಡಿಗೆ ಹೊರಟಿದ್ದಾರೆ ಎಲ್ಲರೂ, ಅಲ್ಲಿಯ ಸಭೆಯವರ ಜೊತೆ ಮಧ್ಯಾಹ್ನದ ಕೂಟ, ಕ್ರೂಸರ್ ಗಾಡಿಯ ಹಿಂದಿನ ಸೀಟುಗಳಲ್ಲಿ ಹೆಂಗಸರು, ಅವರ ತೊಡೆಯ ಮೇಲೆ ಮಕ್ಕಳು, ಅನ್ನದ ಪಾತೇಲಿ, ಢೋಲಕ, ಮೂಲೆಯಲ್ಲಿ ಇವಳ ಗಂಡ ಧರೆಪ್ಪ, ಮೊಣಕಾಲು ಎರಡು, ಪಾದ ಒಂದು. ಇನ್ನೊಂದು ಪಾದ ಹೋಗಿದ್ದು ಇದೇ ಗಾಡಿಯಲ್ಲಿ, ಇದೇ ಮುಂದಿನ ಸೀಟಿನಲ್ಲಿ, ಇಂಡಿಯಿಂದ ಬರುವಾಗ ಸಾಲೋಟಗಿಯ ಹತ್ತಿರ, ಕಬ್ಬು ತುಂಬಿದ ಟ್ರೇಲರು ರಸ್ತೆಯ ಬದಿಗೆ ನಿಂತಿತ್ತು, ಹಾಡುಹಗಲು, ನಾಯಿ ಕುರಿಗೂ ಕಾಣುವಂತೆ ನಿಂತಿತ್ತು, ಮುತ್ತುರಾಜನೊಬ್ಬನಿಗೆ ಕಾಣಲಿಲ್ಲ. ಸೈತಾನನ ಕೆಲಸ ಅಕ್ಕಾರ ಅಂದರು ಪಾಸ್ಟರು ಸಂಜೀವಕುಮಾರ, ಸೈತಾನ ಕುಂತಿದ್ದನೇನ್ರಿ ಸ್ಟೇರಿಂಗ್ ಮುಂದ ಅಂತ ಕೇಳಬೇಕೆಂದಿದ್ದಳು, ಕೇಳಲಿಲ್ಲ, ಆಸ್ಪತ್ರೆ, ಡೆಟಾಲಿನ ವಾಸನೆ, ಮುತ್ತುರಾಜ ಬಂದು ಉಳಿದ ಆ ಒಂದು ಪಾದವನ್ನು ಹಿಡಿದುಕೊಂಡು ಹೋ ಅಂತ ಅತ್ತ, ಧರೆಪ್ಪ ಅವನ ತಲೆಯ ಮೇಲೆ ಕೈ ಇಟ್ಟ, ಹೋಗ್ಲಿ ಬಿಡೋ ತಮ್ಮಾ, ನನ್ನ ಮನಸಿನ್ಯಾಗ ಏನೂ ಇಲ್ಲ. ಏನೂ ಇಲ್ಲವಂತೆ. ಗೌಂಡಿ, ಊರ ತುಂಬ ಗೋಡೆ ಕಟ್ಟಿದವನು, ಈಗ ಬಚ್ಚಲಿಗೆ ಹೋಗಬೇಕಾದರೆ ಗೋಡೆ ಹಿಡಿಯುತ್ತಾನೆ, ಅದನ್ನೇ ದೊಡ್ಡ ಸಾಕ್ಷಿ ಮಾಡಿ ಮುದ್ದೇಬಿಹಾಳದ ಕೂಟದಲ್ಲಿ ನಿಲ್ಲಿಸಿದರು, ನೋಡಿರಿ, ಪಾದ ಕಳಕೊಂಡ್ರೂ ಕ್ಷಮಿಸಿದ ಸಹೋದರ, ಜನ ಚಪ್ಪಾಳೆ ತಟ್ಟಿದರು, ಗಂಡನ ಪಾದ ಒಂದು ಪ್ರಸಂಗವಾಯಿತು, ಮುತ್ತುರಾಜ ಪಕ್ಕದಲ್ಲೇ ನಿಂತು ಕಣ್ಣೊರೆಸಿಕೊಂಡ. ಗಾಯ ಮಾಯುವುದರೊಳಗೆ ಮತ್ತೆ ಕುಡಿದ.

ಅವಳೂ ಕ್ಷಮಿಸಿದ್ದಾಳೆ, ಸುಳ್ಳಲ್ಲ, ಹಲ್ಲು ಕಚ್ಚಿ, ರೊಟ್ಟಿ ಬಡಿಯುತ್ತ ಬಡಿಯುತ್ತ ಕ್ಷಮಿಸಿದ್ದಾಳೆ, ತಪ್ಪು ಮಾಡಿದವನಿಗೆ ಬುದ್ಧಿ ಹೇಳಲು ಯೇಸುಸ್ವಾಮಿ ಕಲಿಸಿದ ಮೂರು ಹೆಜ್ಜೆಯ ದಾರಿಯಲ್ಲೇ ನಡೆದಿದ್ದಾಳೆ, ಮೊದಲು ಒಬ್ಬಳೇ ಹೋಗಿ ಹೇಳಿದಳು, ತಮ್ಮಾ, ಕುಡಿಯೂದ ಬಿಡು, ಇಲ್ಲಾ ಗಾಡಿ ಬಿಡು, ಅವನು ಬೈಬಲ್ ಮುಟ್ಟಿ ಆಣೆ ಮಾಡಿದ, ಆಣೆ ಮಾಡುವಾಗಲೂ ಇದೇ ಲವಂಗ. ಆಮೇಲೆ ಸಭೆಯ ಗೆಳತಿ ಸುನಂದಾಳನ್ನೂ ಅವನ ಹೆಂಡತಿ ದಾನೇಶ್ವರಿಯನ್ನೂ ಕೂಡಿಸಿಕೊಂಡು ಹೇಳಿದಳು, ದಾನೇಶ್ವರಿ ಸೆರಗಿನ ತುದಿ ಹಿಂಡುತ್ತ, ನನ್ನ ಮಾತ ಕೇಳಿದ್ರ ನಾ ಹಿಂಗ್ಯಾಕ ಇರ್ತಿದ್ದೆ ಯಕ್ಕಾ ಅಂದಳು, ಅವನು ಮತ್ತೆ ಮೊಣಕಾಲೂರಿದ, ಮತ್ತೆ ಅತ್ತ, ಅಳು ಅವನಿಗೆ ಗಾಡಿಯ ಸ್ಟಾರ್ಟರ್ ಇದ್ದ ಹಾಗೆ, ಮುಟ್ಟಿದರೆ ಸಾಕು. ಕೊನೆಗೆ ಸಭೆಯಲ್ಲೇ ಎದ್ದು ನಿಂತು ಹೇಳಿದಳು, ಪಾಸ್ಟರು ತಕ್ಷಣ ಪ್ರಾರ್ಥನೆ ಮಾಡೂಣು ಅಂತ ಕಣ್ಣು ಮುಚ್ಚಿದರು, ಎಲ್ಲರೂ ಮುಚ್ಚಿದರು, ಅವಳೊಬ್ಬಳೇ ಕಣ್ಣು ಬಿಟ್ಟುಕೊಂಡು ನಿಂತಿದ್ದಳು, ನಾವೆಲ್ಲರೂ ಪಾಪಿಗಳೇ, ಏಳೆಪ್ಪತ್ತು ಸಲ ಕ್ಷಮಿಸಬೇಕು, ಆಮೆನ್. ಯಾರೂ ಬಾಯಿ ಬಿಡುವುದಿಲ್ಲ, ಯಾಕೆಂದರೆ ಹೆರಿಗೆ ನೋವು ಬಂದರೆ ಇವನ ಗಾಡಿ, ಹೆಣ ಒಯ್ಯಲು ಇವನ ಗಾಡಿ, ಒಳ್ಳೆಯವನು, ನಿಜವಾಗಿಯೂ ಒಳ್ಳೆಯವನು, ಅದೇ ಅವಳ ಹೊಟ್ಟೆ ಉರಿಸುವುದು, ಅವನ ಒಳ್ಳೆಯತನ ಅಡ್ಡ ನಿಂತು ಅವನ ಬಾಟ್ಲಿಯನ್ನು ಕಾಯುತ್ತದೆ. ಈಗ ಅವನು ಮೇಲೆ, ಕ್ಯಾರಿಯರಿನ ಮೇಲೆ ಜಮಖಾನೆಯ ಸುರುಳಿಗೆ ಹಗ್ಗ ಬಿಗಿಯುತ್ತಿದ್ದಾನೆ, ಟಾಪು ಧಡಧಡ ಅನ್ನುತ್ತದೆ, ಒಂದು ಹೆಜ್ಜೆ ಸರಿಯಾಗಿಲ್ಲ, ಮುಂದಿನ ಸೀಟಿನಲ್ಲಿ ಕುಂತವಳ ಪಕ್ಕಕ್ಕೇ ಸ್ಟೇರಿಂಗಿನ ಹತ್ತಿರ ಚಾವಿ, ಚಾವಿಗೆ ಪ್ಲಾಸ್ಟಿಕ್ ಶಿಲುಬೆ, ಹಿಂದೆ ಮಕ್ಕಳು ಹಾಡಲು ಶುರು ಮಾಡಿವೆ, ಕೈ ಹೋಯಿತು, ತಿರುವಿತು, ಕಿತ್ತಿತು, ಮುಷ್ಟಿ ಮುಚ್ಚಿತು — ತನ್ನದೇ ಕೈ ಹೌದೋ ಅಲ್ಲವೋ ಎಂಬಂತೆ ನೋಡಿಕೊಂಡಳು, ಗಾಡಿಯಿಂದ ಕೆಳಗಿಳಿದಳು.

ಚಾವಿ ಎಲ್ಲಿ ಯಕ್ಕಾ, ಅಂದ ಟಾಪಿನಿಂದ ಇಳಿದು ಬಂದ ಮುತ್ತುರಾಜ. ನನ್ನ ಕೈಯಾಗ ಐತಿ. ಕೊಡು ಮತ್ತ, ಹೊತ್ತಾತು. ಕುಡದೀ ನೀ. ಇಲ್ಲ ಯಕ್ಕಾ, ದೇವರಾಣಿ. ಬಾಯಿ ತೆರಿ, ಎಲ್ಲಾರ ಮುಂದ ತೆರಿ. ತೆರೆಯಲಿಲ್ಲ, ಆಚೆ ಚಹಾದಂಗಡಿಯ ಬೆಂಚಿನಲ್ಲಿದ್ದವರು ತಿರುಗಿ ನೋಡಿದರು, ಪಾಸ್ಟರು ಬಿರಬಿರನೆ ಬಂದರು, ಅಕ್ಕಾರ, ಮಂದಿ ನೋಡಾಕತ್ತಾರ, ಮೊದಲ ನಮ್ಮ ಮ್ಯಾಲ ಊರ ಮಂದಿಗೆ ಕಣ್ಣೈತಿ, ಸ್ವಾಮಿ ಹೆಸರಿಗೆ ಕಳಂಕ ತರಬ್ಯಾಡ್ರಿ, ಪ್ರೀತೀಲೆ ಕ್ಷಮಿಸ್ರಿ. ಸ್ವಾಮಿ ಹೆಸರಿಗೆ. ಯಾರು ತಂದದ್ದು, ತಾನೋ, ಬಟ್ಟಲು ಹಿಡಿದ ಕೈಯೋ, ಕಣ್ಣು ಮುಚ್ಚಿಕೊಂಡ ಈ ಮನುಷ್ಯನೋ, ಬಾಯಿಂದ ಬಂದ ದನಿ ಮಾತ್ರ ತಣ್ಣಗಿತ್ತು, ಕ್ಷಮಾ ಮಾಡೇನ್ರಿ ಪಾಸ್ಟರ, ಯಾವಾಗೋ ಮಾಡೇನಿ, ಕ್ಷಮಾ ಬ್ಯಾರೆ, ಚಾವಿ ಬ್ಯಾರೆ, ಚಾವಿ ಕೊಡಂಗಿಲ್ಲ. ಮುತ್ತುರಾಜ ಟೈರಿನ ಪಕ್ಕದಲ್ಲೇ ಕುಸಿದು ಅವಳ ಪಾದಕ್ಕೆ ಕೈ ಹಾಕಿದ, ಬಂತು, ಅಳು ಸ್ಟಾರ್ಟ್ ಆಯಿತು, ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು, ಅಳಬ್ಯಾಡ, ಮಾರಿ ಎತ್ತು, ನೀ ಬಟ್ಟಲಾ ಹಿಡಿಯೂತನಕಾ ನಾ ಆ ಬಟ್ಟಲಕ್ಕ ಬಾಯಿ ಹಚ್ಚಂಗಿಲ್ಲ, ಕುಡಿಯೂದ ಬಿಟ್ಟ ದಿನಾ ನಮ್ಮ ಮನಿಗೆ ಉಣ್ಣಾಕ ಬಾ, ಬಾಗಲಾ ತಗದಿರ್ತೈತಿ, ಇವತ್ತ ಮಾತ್ರ ಈ ಕೂಸುಗೋಳನ್ನ ಕೂಡಿಸ್ಕೊಂಡು ನೀ ಹೋಗಂಗಿಲ್ಲ. ಹಿಂದಕ್ಕೆ ತಿರುಗಿ, ಇಳೀರಿ, ಬಸ್ಸಿಗೆ ಹೋಗೂಣು ಅಂದಳು.

ಯಾರೂ ಇಳಿಯಲಿಲ್ಲ. ಸುನಂದಾ ಮೊಬೈಲ್ ನೋಡುತ್ತಾಳೆ, ದಾನೇಶ್ವರಿ ಮಗಳ ಹೆರಳನ್ನು ಬಿಚ್ಚಿ ಮತ್ತೆ ಹೆಣೆಯುತ್ತಾಳೆ, ಮಕ್ಕಳ ಹಾಡು ನಿಂತಿದೆ, ಬಿಸಿಲು, ಚಾವಿಯ ಹಲ್ಲು ಅಂಗೈಗೆ ನೆಟ್ಟಿದೆ, ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆ, ಕುಡಿದವಳು ತಾನೇ ಎಂಬಂತೆ, ಈಗ ಧರೆಪ್ಪ ಹೇಳುತ್ತಾನೆ, ಅವಳಿಗೆ ಗೊತ್ತು, ಆ ಮೆತ್ತನೆಯ ದನಿಯಲ್ಲಿ ಹೇಳುತ್ತಾನೆ, ಹೋಗ್ಲಿ ಬಿಡು ಸಾವಂತ್ರೀ, ಕೊಟ್ಟಬಿಡು, ಹಾಗೆ ಹೇಳಿದರೆ ಇವತ್ತು ಅವನನ್ನೂ ಬಿಡುವುದಿಲ್ಲ, ನಿನ್ನ ಪಾದ ನಿನ್ನದು, ಕ್ಷಮಿಸು, ಈ ಮಕ್ಕಳ ಕಾಲು ನಿನ್ನವೇನು ಅಂತ ಕೇಳಿಯೇಬಿಡುತ್ತಾಳೆ, ತುಟಿಯ ಹತ್ತಿರ ಬಂದು ನಿಂತಿದೆ ಮಾತು — ಒಳಗೆ ಧರೆಪ್ಪನ ದನಿ, ಕಾಲು ತಗೀರಿ ತಂಗೀ, ದಾರಿ ಬಿಡ್ರಿ, ನಾ ಇಳೀತೇನಿ. ಪಾತೇಲಿ ಸರಿದ ಸದ್ದು, ಹಿಂಬಾಗಿಲಿನಿಂದ ಮೊದಲು ಹೊರಬಂದದ್ದು ಊರುಗೋಲು, ಅದರ ತುದಿಯ ಕರಿ ರಬ್ಬರು, ಮೆಟ್ಟಿಲಿನ ಅಂಚು ದಾಟಿ ಗಾಳಿಯಲ್ಲಿ ತಡಕಾಡುತ್ತ, ನೆಲ ಸಿಗದೆ, ಇನ್ನೂ ಸ್ವಲ್ಪ ಕೆಳಗೆ, ಯಾರೋ ಹಿಂದಿನಿಂದ ಅವನ ರಟ್ಟೆ ಹಿಡಿದ ಹಾಗಿತ್ತು, ದಾನೇಶ್ವರಿಯ ಬಳೆಗಳು, ಪಾಸ್ಟರು ಏನೋ ಹೇಳುತ್ತಿದ್ದಾರೆ, ಅವಳಿಗೆ ಕೇಳಿಸುವುದಿಲ್ಲ, ಮುತ್ತುರಾಜನ ಅಳು, ಕೇಳಿಸುವುದಿಲ್ಲ, ಆ ರಬ್ಬರು, ಗಾಳಿ, ಮತ್ತೆ ಆ ರಬ್ಬರು, ಧೂಳಿಗೆ ತಾಗಿತು, ಊರಿತು, ಆ ಕರಿ ರಬ್ಬರು.